ಮಾಸ್ತರರು ಓದದ ಹಾಳೆ

ನಮ್ಮ ಒಂದನೇ ಜಮಾತಿನ ಮಾಸ್ತರರ ಹಣೆಯ ಮೇಲೆ, ಕೂದಲು ಶುರುವಾಗುವ ಕಡೆ, ಅಡ್ಡಕ್ಕೆ ಒಂದು ಬಿಳಿ ಪಟ್ಟಿ ಇತ್ತು. ಕೆಳಗಿನ ಮುಖವೆಲ್ಲ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಆ ಎರಡು ಬೆರಳಗಲದ ಜಾಗ ಮಾತ್ರ ಕೂಸಿನ ಚರ್ಮದ ಹಾಗೆ ಬೆಳ್ಳಗೆ ಉಳಿದಿತ್ತು. ಶಾಲೆಗೆ ಹೋದ ಮೊದಲ ದಿನ ನಾನು ಅದನ್ನು ಗಾಯದ ಕಲೆ ಎಂದುಕೊಂಡೆ. ಆಗ ನಮ್ಮ ಕಡೆ ಗಾಯದ ಕಲೆಗಳಿಗೆ ಬರವಿರಲಿಲ್ಲ. ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವಳು ನಕ್ಕಳು.

"ಗಾಯ ಅಲ್ಲವ್ವಾ, ಟೊಪ್ಪಿಗಿ ಕುಂತ ಜಾಗ ಅದು. ಇಪ್ಪತ್ತು ವರ್ಷ ರೂಮಿ ಟೊಪ್ಪಿಗಿ ಹಾಕ್ಯಾರ. ಈಗ ತಗದು ಒಗದಾರ."

ನಿಜಾಮರ ಸರ್ಕಾರದ ನೌಕರಿ ಎಂದರೆ ಆ ಕೆಂಪು ಟೊಪ್ಪಿಗೆ, ಮೊಳಕಾಲು ದಾಟುವ ಶೇರವಾನಿ. ಮಾಸ್ತರರು ನಮ್ಮವರೇ, ಕೊರಳಲ್ಲಿ ಲಿಂಗ ಇದ್ದವರು. ಊರೂರಲ್ಲಿ ಹೊಡೆದಾಟ ನಡೆದ ಗದ್ದಲದ ವರ್ಷ ಒಂದು ದಿನ ಟೊಪ್ಪಿಗೆ ಇಲ್ಲದೆ ಹೊರಟಾಗ ಯಾರೋ ಅಡ್ಡಗಟ್ಟಿ ಬೈದಿದ್ದರಂತೆ. ಹಿಂದೂಸ್ತಾನದ ಪಲ್ಟನ್ ಬಂದು ನಿಜಾಮರ ಆಳಿಕೆ ಹೋದ ವಾರ ಅದೇ ಹಾದಿಯಲ್ಲಿ ಇನ್ಯಾರೋ ಅದೇ ಟೊಪ್ಪಿಗೆಗೆ ಕಲ್ಲು ಬೀರಿದರಂತೆ. ಹೀಗೆ ಎರಡೂ ಕಡೆಯವರಿಗೆ ಅಂಜಿದ ಮನುಷ್ಯ ಬರಿದಲೆಯಲ್ಲಿ ನಮಗೆ ಪಾಠ ಹೇಳುತ್ತಿದ್ದರು. ಮಾತು ನಮ್ಮ ಜೊತೆ, ಕಣ್ಣು ಬಾಗಿಲ ಕಡೆ.

ನಾನಾದರೂ ಏನು ಕಡಿಮೆ? ಅಂಜುಬುರುಕರಿಗೆ ಬಹುಮಾನ ಕೊಡುವ ಪದ್ಧತಿ ಇದ್ದಿದ್ದರೆ ಚಿತ್ತಾಪುರ, ಸೇಡಂ ಎರಡೂ ತಾಲೂಕಿನ ಬಹುಮಾನ ನನಗೇ ಬರುತ್ತಿತ್ತು. ನಾಯಿಗೆ ಅಂಜುತ್ತಿದ್ದೆ, ಪೋಲೀಸರಿಗೆ ಅಂಜುತ್ತಿದ್ದೆ, ಶಹಾಬಾದದ ಕಡೆ ಕಲ್ಲಿನ ಖಣಿಯಲ್ಲಿ ಮದ್ದು ಹಾರಿಸಿದ ಸದ್ದು ಗಾಳಿಯಲ್ಲಿ ಬಂದರೆ ಅವ್ವನ ಸೀರೆಯೊಳಗೆ ಸೇರುತ್ತಿದ್ದೆ. ಅದಕ್ಕೆ ಕಾರಣವೂ ಇತ್ತು. ಗದ್ದಲದಲ್ಲಿ ನಾವು ಎರಡು ಹಗಲು ತೊಗರಿ ಹೊಲದಲ್ಲಿ ಅಡಗಿ ಕೂತಿದ್ದೆವು. ಅವ್ವ ನನ್ನ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದಿದ್ದಳು. ನಾಲ್ಕು ಸಾಲು ಆಚೆ ಅಡಗಿದ್ದ ಯಾರನ್ನೋ ಎಳೆದೊಯ್ಯುವ ಸದ್ದು ಕೇಳಿಸಿತು. ಯಾರು ಯಾರನ್ನು ಎಳೆದರು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. "ಯಾರು ಏನು ಕೇಳಿದ್ರೂ ಬಾಯಿ ಬಿಡಬ್ಯಾಡ" ಎಂದು ಅವ್ವ ಕಿವಿಯಲ್ಲಿ ಹೇಳಿದ್ದಳು. ಅಕ್ಷರ ಕಲಿಯುವ ಮೊದಲೇ ನಾನು ಕಲಿತ ಪಾಠ ಅದು. ಒಮ್ಮೆ ಕಲಿತದ್ದನ್ನು ಬಿಡುವುದು ನನಗೆ ಭಾಳ ಕಷ್ಟವಾಯಿತು.

ಮರುವರ್ಷ ಮಳೆ ಹಿಡಿಯುವ ಹೊತ್ತಿಗೆ ನನ್ನನ್ನು ಶಾಲೆಗೆ ಹಾಕಿದರು. ಶಾಲೆ ಎಂದರೆ ಊರಿನ ಹಳೆಯ ಚಾವಡಿ, ಕಾಗಿಣಾ ನದಿಯಿಂದ ಕೂಗಳತೆಯಲ್ಲಿತ್ತು. ನೆಲಕ್ಕೆಲ್ಲ ಹಾಸಿದ್ದು ಶಹಾಬಾದದ ಪರಸಿ, ನುಣುಪಾದ ಚಪ್ಪಡಿ ಕಲ್ಲು. ಬರೆಯುವ ಪಾಟಿ ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲವಾದ್ದರಿಂದ ಮಾಸ್ತರರು ಒಂದು ಉಪಾಯ ಮಾಡಿದ್ದರು. ಒಬ್ಬೊಬ್ಬರಿಗೆ ಒಂದೊಂದು ಪರಸಿ. ಅದರ ಹಿಂದೆ ಕೂಡುವುದು, ಅದರ ಮೇಲೆಯೇ ಸುಣ್ಣದ ತುಂಡಿನಿಂದ ಬರೆಯುವುದು. ನನ್ನ ಪರಸಿ ಬಾಗಿಲ ಬಳಿ ಇತ್ತು. ಅಂಜಿಕೆಯಾದರೆ ಓಡಲು ಅನುಕೂಲ ಎಂದು ನಾನೇ ಆರಿಸಿಕೊಂಡ ಜಾಗ.

ಸೋಮವಾರ ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮ ಪರಸಿ ತೊಳೆಯಬೇಕು. ಅದು ಆರುವ ತನಕ ಬಾಯಿಪಾಠ, ಆಮೇಲೆ ಹೊಸ ಅಕ್ಷರ. ಮಂಗಳವಾರ ಹುಣಸೆ ಬೀಜ ಇಟ್ಟುಕೊಂಡು ಕೂಡಿಸುವುದು, ಕಳೆಯುವುದು. ಯಾರಾದರೂ ಬೀಜ ತಿಂದುಬಿಟ್ಟರೆ ಲೆಕ್ಕ ತಪ್ಪುತ್ತಿತ್ತು, ಮಾಸ್ತರರು "ಯಾರ ಹೊಟ್ಟ್ಯಾಗ ಹೋಗ್ಯಾದ ನನ್ನ ಒಂದು?" ಎಂದು ಎಲ್ಲರ ಬಾಯಿ ತೆರೆಸಿ ನೋಡುತ್ತಿದ್ದರು. ಬುಧವಾರ ಕಾಗುಣಿತ, ಗುರುವಾರ ಮಗ್ಗಿ. ಶುಕ್ರವಾರದ ಸೂಟಿ ಹೋಗಿ ಹೊಸದಾಗಿ ಐತವಾರದ ಸೂಟಿ ಬಂದಿತ್ತು. ಆದರೂ ಇಪ್ಪತ್ತು ವರ್ಷದ ರೂಢಿಯಿಂದ ಮಾಸ್ತರರು ಒಂದೆರಡು ಶುಕ್ರವಾರ ಮನೆಯಲ್ಲೇ ಉಳಿದು, ಮಧ್ಯಾಹ್ನ ತೇಕುತ್ತ ಓಡಿ ಬಂದದ್ದುಂಟು. ಶನಿವಾರ ಅರ್ಧ ದಿನ, ಉಗುರು ತೋರಿಸುವುದು, ಕತೆ ಕೇಳುವುದು. ಕತೆಯ ದಿನ ಮಾತ್ರ ಅವರ ಕಣ್ಣು ಬಾಗಿಲ ಕಡೆ ಹೋಗುತ್ತಿರಲಿಲ್ಲ. ರಾಜರು, ಕಳ್ಳರು, ಮಾತಾಡುವ ಗಿಳಿಗಳು ಅವರ ಬಾಯಿಂದ ನಮ್ಮೂರ ಮಾತಿನಲ್ಲಿ ಒಂದರ ಹಿಂದೊಂದು ಬರುತ್ತಿದ್ದರು.

ಅವರ ಕೈಯಲ್ಲಿ ಒಂದು ಬೆತ್ತ ಇರುತ್ತಿತ್ತು. ಹೊಡೆದದ್ದನ್ನು ನಾನು ನೋಡಲಿಲ್ಲ. ಆದರೆ ಪರಸಿಗೆ ಬಡಿದಾಗ ಬರುತ್ತಿದ್ದ ಸದ್ದಿಗೇ ನಾನು ಬಾಗಿಲ ಕಡೆ ಸರಿಯುತ್ತಿದ್ದೆ. ಮತ್ತೊಂದು ವಿಚಿತ್ರವೆಂದರೆ, ದಿನಾ ಬೆಳಿಗ್ಗೆ ಅವರು ಬರೆಯಲು ಹೋಗಿ ಮೊದಲು ಕರಿಹಲಗೆಯ ಬಲತುದಿಯಲ್ಲಿ ನಿಲ್ಲುತ್ತಿದ್ದರು. ಒಂದು ಗಳಿಗೆ ನಿಂತು, ಏನೋ ನೆನಪಾದವರಂತೆ ಎಡತುದಿಗೆ ನಡೆಯುತ್ತಿದ್ದರು. ಮತ್ತು ಹೊಸ ಪಾಠಕ್ಕೆ ಎಂದೂ ಅವಸರ ಮಾಡುತ್ತಿರಲಿಲ್ಲ. ಚುರುಕಿನ ಹುಡುಗರು ಮುಂದಿನದು ಹೇಳಿ ಎಂದು ಗಂಟು ಬಿದ್ದರೆ ಅವರದು ಒಂದೇ ಉತ್ತರ: "ಈ ಹಾಳಿ ಇನ್ನಾ ಹಣ್ಣಾಗಿಲ್ಲ."

ಆ ಮಾತು ಎಲ್ಲಿಂದ ಬಂತು ಎಂಬುದು ನನಗೆ ತಿಳಿದದ್ದು ದಸರೆಯ ಹಿಂದೆ ಮುಂದೆ ಒಂದು ನಸುಕಿನಲ್ಲಿ. ಕೌದಿಯ ಒಳಗಿಂದ ಕಣ್ಣು ಬಿಟ್ಟರೆ ನಮ್ಮ ಪಡಸಾಲೆಯಲ್ಲಿ ಮಾಸ್ತರರು ಚಕ್ಕಳ ಬಕ್ಕಳ ಹಾಕಿ ಕೂತಿದ್ದರು. ತೊಡೆಯ ಮೇಲೆ ಪಾಟಿ. ಎದುರಿಗೆ ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ. ಮುತ್ಯಾ ಚಿಕ್ಕಂದಿನಲ್ಲಿ ಮಠದಲ್ಲಿ ಐಗಳ ಕೈಯಲ್ಲಿ ಕಲಿತವನು, ಊರಿನಲ್ಲಿ ಕನ್ನಡ ಸರಾಗ ಓದಬಲ್ಲ ಒಬ್ಬನೇ ಮನುಷ್ಯ.

"ಏನ್ರಿ ಮಾಸ್ತರ್, ನಿನ್ನಿದೇ ಇನ್ನಾ ಕೈಗಿ ಬಂದಿಲ್ಲ, ನಾಳಿದು ಕೇಳ್ತೀರಿ. ಈ ಹಾಳಿ ಹಣ್ಣಾಗಿಲ್ಲ. ಇನ್ನೊಮ್ಮೆ ಬರೀರಿ."

ಮಾಸ್ತರರು ತಲೆ ತಗ್ಗಿಸಿ ಬರೆದರು. ಬೆತ್ತ ಹಿಡಿಯುವ ಅದೇ ಕೈ ಬರೆದದ್ದನ್ನು ಒರೆಸಿ ಮತ್ತೆ ಬರೆಯಿತು. ನಾನು ಅಂಜುವ ಮನುಷ್ಯ ಇನ್ನೊಬ್ಬರಿಗೆ ಅಂಜುವುದನ್ನು ನೋಡಿ ನನಗೆ ಧೈರ್ಯ ಬರಬೇಕಿತ್ತು. ಬರಲಿಲ್ಲ, ಇನ್ನಷ್ಟು ಅಂಜಿಕೆಯಾಯಿತು. ದೊಡ್ಡವರೇ ಹೀಗೆ ಅಂಜಿದರೆ ನಮ್ಮನ್ನು ಕಾಯುವವರು ಯಾರು?

ಅವರು ಹೋದ ಮೇಲೆ ಮುತ್ಯಾ ನನ್ನ ಕೌದಿ ಎಳೆದ. "ನೋಡ್ದಿ ಹೌದಿಲ್ಲೋ? ಎಲ್ಯಾರ ಬಾಯಿ ಬಿಟ್ಟೀಯಾ ಅಂದ್ರ ಆ ಮನುಷ್ಯಾನ ನೌಕ್ರಿ ಹೋಗ್ತದ. ಮುಪ್ಪಾದ ತಾಯಿ ಅದಾಳ, ಇಬ್ಬರು ತಂಗ್ಯಾರು ಲಗ್ನಕ್ಕ ಬಂದಾರ. ಬಲಗಡಿಂದ ಬರಿಯೋ ಉರ್ದುದಾಗ ಅಂವ ದೊಡ್ಡ ಪಂಡಿತ. ಕನ್ನಡ ಮಾತಾಡ್ತಾನ ಖರೆ, ಓದೂದು ಬರೆಯೂದು ಅವನಿಗ್ಯಾರೂ ಕಲಿಸೇ ಇಲ್ಲ. ಈಗ ಸರ್ಕಾರ ಒಮ್ಮಿಂದೊಮ್ಮೆ ಕನ್ನಡ ಸಾಲಿ ಮಾಡಂದ್ರ ಏನ್ ಮಾಡ್ಬೇಕು ಅಂವ?"

ಹೀಗೆ ನಮ್ಮ ಒಂದನೇ ಜಮಾತು ನಡೆಯುತ್ತಿತ್ತು. ಮಾಸ್ತರರು ಹಾಲು ತರುವ ನೆಪದಲ್ಲಿ ನಸುಕಿನಲ್ಲಿ ತಂಬಿಗೆ ಹಿಡಿದು ನಮ್ಮ ಮನೆಗೆ ಬರುವುದು, ಮುತ್ಯಾನಿಂದ ಕಲಿಯುವುದು, ಅದನ್ನೇ ಹತ್ತು ಗಂಟೆಗೆ ನಮಗೆ ಕಲಿಸುವುದು. ಸರ್ಕಾರದಿಂದ ಶಾಲೆಗೆ ಬಂದದ್ದು ಒಂದೇ ಪುಸ್ತಕ. ಅದು ರಾತ್ರಿ ಮುತ್ಯಾನ ತಲೆದಿಂಬಿನ ಕೆಳಗೆ, ಹಗಲು ಮಾಸ್ತರರ ಕಂಕುಳಲ್ಲಿ. ನಾನು ಕೌದಿಯೊಳಗೆ ಒಮ್ಮೆ, ಶಾಲೆಯಲ್ಲಿ ಒಮ್ಮೆ, ಎರಡೆರಡು ಸಲ ಕಲಿತು ಜಾಣೆ ಎನಿಸಿಕೊಂಡೆ. ಆದರೆ ಯಾರಾದರೂ ನನ್ನನ್ನು ನೋಡಿದರೆ ಸಾಕು, ಗುಟ್ಟು ಮುಖದ ಮೇಲೆ ಬರೆದು ಹೋಗಿದೆ ಎಂದು ಮುಖ ತಿರುಗಿಸುತ್ತಿದ್ದೆ.

ಚಳಿಗಾಲ ಬಂತು. ಒತ್ತಕ್ಷರ ಶುರುವಾಗುವ ಪಾಠ ಮುಂದೆ ನಿಂತಿತ್ತು. ಸೋಮವಾರ ಸಂಜೆ ಆ ಪಾಠದಲ್ಲಿ ಬಾವಿಯ ಚಿತ್ರ ನೋಡಿ ನಾನು ಓದಿ ಹೇಳು ಎಂದು ಮುತ್ಯಾನಿಗೆ ದುಂಬಾಲು ಬಿದ್ದೆ. ಮುತ್ಯಾ ಬೆರಳಿಟ್ಟು ನಾಲ್ಕಾರು ಸಲ ಓದಿಸಿದ. ನನಗೆ ಬಂದುಬಿಟ್ಟಿತು. ಅದೇ ರಾತ್ರಿ ಅವನಿಗೆ ಚಳಿಜ್ವರ ಹತ್ತಿತು. ಮೂರು ಕೌದಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು. ಮಂಗಳವಾರ ನಸುಕಿನಲ್ಲಿ ಬಂದ ಮಾಸ್ತರರು ಅವನ ಕಾಲ ಬಳಿ ಪಾಟಿ ಹಿಡಿದು ಸುಮ್ಮನೆ ಕೂತು ಎದ್ದು ಹೋದರು. ಆ ದಿನ ಶಾಲೆಯಲ್ಲಿ ಹಳೆಯ ಹಾಳೆಯನ್ನೇ ತಿರುವಿ ಹಾಕಿದೆವು.

ಅದೇ ಮಧ್ಯಾಹ್ನ ತಳವಾರ ಸುದ್ದಿ ತಂದ. ಗುರುವಾರ ತಪಾಸಣೆಗೆ ಸಾಹೇಬರು ಬರುತ್ತಾರೆ. ಕನ್ನಡ ಬಾರದ ಮಾಸ್ತರರನ್ನು ಹುಡುಕಿ ಹುಡುಕಿ ತೆಗೆಯುತ್ತಿದ್ದಾರೆ, ಆಚೆ ಊರಿನಲ್ಲಿ ಆಗಲೇ ಒಬ್ಬರನ್ನು ತೆಗೆದಿದ್ದಾರೆ.

ಸಂಜೆ ಮಾಸ್ತರರು ಮತ್ತೆ ಬಂದರು. ಮುತ್ಯಾ ಕಣ್ಣು ಮುಚ್ಚಿಕೊಂಡೇ ಹೇಳಿದ: "ಆ ಹಾಳಿ ನಮ್ಮ ಹುಡುಗಿಗಿ ಬರ್ತದ. ನಾಳಿ ನಸುಕಿನ್ಯಾಗ ಬರ್ರಿ. ಆಕಿ ಹೇಳಿಕೊಡ್ತಾಳ." ಆಮೇಲೆ ನನ್ನ ಕಡೆ ಕೈ ಚಾಚಿ, "ಏ, ಹೇಳಿಕೊಡು ಯವ್ವಾ" ಎಂದ. ಮಾಸ್ತರರು ನನ್ನನ್ನು ನೋಡಿದರು. ಪರಸಿಗೆ ಬೆತ್ತ ಬಡಿಯುವ ಆ ಮಾಸ್ತರರು ನನ್ನೆದುರು ಪಾಟಿ ಹಿಡಿದು ಕೂಡುತ್ತಾರೆ! ತಪ್ಪು ಹೇಳಿಕೊಟ್ಟರೆ? ಯಾರಾದರೂ ಕಂಡರೆ? ನಾಡಿದ್ದು ಸಾಹೇಬರು ನನ್ನನ್ನೇ ನಿಲ್ಲಿಸಿ, ಇವರಿಗೆ ಕಲಿಸಿದ್ದು ನೀನೇ ಏನು ಎಂದು ಕೇಳಿದರೆ? ರಾತ್ರಿಯೆಲ್ಲ ಅವ್ವನ ಅಂಗೈ ನನ್ನ ಬಾಯಿಯ ಮೇಲೆ ಇದ್ದ ಹಾಗೆಯೇ ಅನಿಸಿತು.

ಬುಧವಾರ ನಸುಕಿನಲ್ಲಿ ತಂಬಿಗೆಯ ಸದ್ದು ಕೇಳಿದ ಕೂಡಲೇ ನಾನು ಹಿತ್ತಲ ಬಾಗಿಲಿನಿಂದ ಓಡಿ ಜೋಳದ ಕಣಿಕೆಯ ಬಣವೆಯ ಹಿಂದೆ ಅಡಗಿದೆ. ಅವ್ವ ಒಳಗೆ ಹುಡುಕಿದಳು. ಮಾಸ್ತರರು ಹಿತ್ತಲಿಗೂ ಬಂದರು. ಅವರ ಚಪ್ಪಲಿಯ ಸದ್ದು ಹತ್ತಿರ ಬಂದು ನಿಂತಿತು. ನಾನು ಉಸಿರು ಹಿಡಿದೆ. ತೊಗರಿ ಹೊಲದಲ್ಲಿ ಹಿಡಿದ ಉಸಿರೇ ಅದು. ಆಮೇಲೆ ಚಪ್ಪಲಿಯ ಸದ್ದು ತಿರುಗಿ ಹೋಯಿತು. "ಇರ್ಲಿ ಬಿಡ್ರಿ ತಾಯಿ, ಕೂಸು ಎಲ್ಯಾರ ಆಡ್ಲಿಕ್ಕ ಹೋಗಿರ್ಬೇಕು" ಎಂದು ಅವ್ವನಿಗೆ ಹೇಳುತ್ತಿದ್ದರು. ಹೊತ್ತು ಏರುವ ತನಕ ನಾನು ಹೊರಗೆ ಬರಲಿಲ್ಲ.

ಗುರುವಾರ ಚಿತ್ತಾಪುರದ ಸ್ಟೇಷನ್ನಿನಿಂದ ಟಾಂಗಾದಲ್ಲಿ ಸಾಹೇಬರು ಬಂದರು. ಎಲ್ಲೋ ದೂರದ ಕಡೆಯವರು, ಪುಸ್ತಕದ ಹಾಗೆ ಮಾತಾಡುತ್ತಿದ್ದರು. ಪರಸಿಯ ಮೇಲೆ ನಮ್ಮ ಅಕ್ಷರ ನೋಡಿದರು, ಹುಣಸೆ ಬೀಜ ಎಣಿಸಿದರು, ಎರಡರ ಮಗ್ಗಿ ಕೇಳಿ ತಲೆದೂಗಿದರು. ಎಲ್ಲವೂ ಪಾರಾದ ಹಾಗೆಯೇ ಇತ್ತು. ಮಾಸ್ತರರ ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು. ಆಗ ಸಾಹೇಬರು ಪುಸ್ತಕ ತೆಗೆದು, ಗುರುತಿಗೆ ಇಟ್ಟಿದ್ದ ಬೇವಿನ ಕಡ್ಡಿಯಿಂದ ಒಂದು ಹಾಳೆ ಮುಂದೆ ತಿರುವಿದರು. ಬಾವಿಯ ಚಿತ್ರದ ಹಾಳೆ.

"ಈ ಹೊಸ ಪಾಠವನ್ನು ನೀವು ಮೊದಲು ಓದಿ, ಮಕ್ಕಳು ಕೇಳಲಿ. ಹೇಗೆ ಕಲಿಸುತ್ತೀರಿ ನೋಡೋಣ."

ಮಾಸ್ತರರು ಪುಸ್ತಕ ಹಿಡಿದರು. ಮೊದಲ ಸಾಲಿನ ಕೆಳಗೆ ಬೆರಳಿಟ್ಟರು, ಬೆರಳು ಒತ್ತಕ್ಷರದ ಬಳಿ ನಿಂತಿತು. ಅವರು ತಲೆ ಎತ್ತಿ ನಮ್ಮ ಮೇಲೆ ಕಣ್ಣು ಹಾಯಿಸಿದರು. ಆ ಕಣ್ಣು ಒಂದೊಂದೇ ಪರಸಿ ದಾಟಿ ಬಾಗಿಲ ಬಳಿ ಬಂತು. ನನ್ನ ಹತ್ತಿರ ನಿಂತಿತು.

ಆ ಗಳಿಗೆಯನ್ನು ನಾನು ಈ ವಯಸ್ಸಿನಲ್ಲೂ ಮರೆತಿಲ್ಲ. ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಏ ಹುಡುಗಿ, ನೀ ಎದ್ದು ಓದು. ಮಾಸ್ತರರು ಮಕ್ಕಳಿಂದ ಓದಿಸುವುದು ಲೋಕದಲ್ಲಿ ಹೊಸದಲ್ಲ. ಒಂದನೇ ಜಮಾತಿನ ಹುಡುಗಿ ಒತ್ತಕ್ಷರ ಓದುತ್ತಾಳೆ ಎಂದು ಸಾಹೇಬರು ಖುಷಿಪಟ್ಟು ಹೋಗಿಬಿಡುತ್ತಿದ್ದರು. ಆ ಹಾಳೆ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವರಿಗೂ ಅದು ಗೊತ್ತಿತ್ತು.

ನಾನು ತಲೆ ತಗ್ಗಿಸಿದೆ. ನನ್ನ ಲಂಗ ಒದ್ದೆಯಾಯಿತು. ಪರಸಿಯ ಮೇಲೆ ಬರೆದಿದ್ದ ಕಾಗುಣಿತದ ಕಡೆಗೆ ನೀರು ಹರಿಯತೊಡಗಿತು.

ಮಾಸ್ತರರು ಅದನ್ನು ನೋಡಿದರು. ಅವರ ಕಣ್ಣು ನನ್ನಿಂದ ಸರಿಯಿತು. ಪುಸ್ತಕ ಮುಚ್ಚಿ ಎರಡೂ ಕೈಯಲ್ಲಿ ಹಿಡಿದು ಹೇಳಿದರು: "ಸಾಹೇಬ್ರ, ಇದು ನನಗ ಇನ್ನಾ ಬರಾಂಗಿಲ್ರಿ. ಇವರ ಜೋಡೀನೇ ಕಲೀಲಿಕತ್ತೀನಿ."

"ಹಾಗಾದರೆ ಇಷ್ಟು ತಿಂಗಳು ಇವರಿಗೆ ಕಲಿಸಿದವರು ಯಾರು?"

"ನಾನೇ ರೀ. ಮುಂಜಾನಿ ಕಲ್ತು, ಹತ್ತಕ್ಕ ಕಲಿಸೀನಿ."

ಸಾಹೇಬರು ಏನೂ ಬೈಯಲಿಲ್ಲ. ಚೀಲದಿಂದ ವಹಿ ತೆಗೆದು ಬರೆಯತೊಡಗಿದರು. ಅವರು ಬರೆಯುತ್ತಿರುವಾಗಲೇ ಮಾಸ್ತರರು ಮೂಲೆಯ ಕೊಡ ಎತ್ತಿಕೊಂಡು ನನ್ನ ಬಳಿ ಬಂದು, ನನ್ನ ಪರಸಿಯ ಮೇಲೆ, ನನ್ನ ಕಾಲ ಮೇಲೆ, ಲಂಗದ ಮೇಲೆ ಎಲ್ಲ ನೀರು ಸುರಿದರು. ಆಮೇಲೆ ಗಟ್ಟಿಯಾಗಿ ಹೇಳಿದರು: "ಏಳ್ರಿ, ಎಲ್ಲಾರೂ ಪರಸಿ ತೊಳೀರಿ!" ಗುರುವಾರ ಯಾಕೆ ಪರಸಿ ತೊಳೆಯಬೇಕೆಂದು ಯಾರೂ ಕೇಳಲಿಲ್ಲ. ಆ ಗಡಿಬಿಡಿಯಲ್ಲಿ ಎಲ್ಲರ ಬಟ್ಟೆಯೂ ಒದ್ದೆಯಾಯಿತು. ನನ್ನ ಮಾನ ಉಳಿಯಿತು, ಅವರ ನೌಕರಿ ಹೋಯಿತು.

ಎಂಟು ದಿನ ನಾನು ಶಾಲೆಯ ಕಡೆ ಮುಖ ಹಾಕಲಿಲ್ಲ. ಹೋದಾಗ ಬೇರೆ ಮಾಸ್ತರರಿದ್ದರು. ಹಳೆಯ ಮಾಸ್ತರರು ತಾಯಿಯನ್ನೂ ತಂಗಿಯರನ್ನೂ ಬಂಡಿಯಲ್ಲಿ ಕೂರಿಸಿಕೊಂಡು ಚಿಂಚೋಳಿಯ ಕಡೆ, ಅಡವಿ ಸೀಮೆಯ ಸೋದರಮಾವನ ಊರಿಗೆ ಹೋದರು ಎಂದು ಕೇಳಿದೆ. ಕನ್ನಡದ ಪರೀಕ್ಷೆ ಪಾಸಾಗುವ ತನಕ ಅವರಿಗೆ ಕೆಲಸವಿಲ್ಲ. ಜ್ವರ ಬಿಟ್ಟು ಎದ್ದ ಮುತ್ಯಾ ನನ್ನನ್ನು, "ಹೇಳಿಕೊಟ್ಟಿದ್ದಿ ಏನು?" ಎಂದು ಕೇಳಿದ. ನಾನು ಅತ್ತೆ. ಅವನು ಮತ್ತೆಂದೂ ಕೇಳಲಿಲ್ಲ. ಅವನು ಕೇಳಿ ನಾಲ್ಕು ಏಟು ಹಾಕಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಏಳನೆಯ ಜಮಾತಿನ ಪರೀಕ್ಷೆಗೆ ನಾವು ಸೇಡಂಗೆ ಹೋಗಬೇಕಾಯಿತು. ಹೈದರಾಬಾದ್ ಸಂಸ್ಥಾನ ಒಡೆದು ನಮ್ಮ ಸೀಮೆ ಮೈಸೂರಿಗೆ ಸೇರುತ್ತದಂತೆ ಎಂದು ದೊಡ್ಡವರೆಲ್ಲ ಅದೇ ಮಾತಾಡುತ್ತಿದ್ದ ವರ್ಷ. ನನಗೆ ಪರೀಕ್ಷೆಯ ಅಂಜಿಕೆಯ ಮುಂದೆ ಯಾವ ಸಂಸ್ಥಾನವೂ ಕಾಣುತ್ತಿರಲಿಲ್ಲ. ನಮ್ಮ ಕೋಣೆಗೆ ಕಾವಲಿಗೆ ಬಂದ ಮಾಸ್ತರರಿಗೆ ತಲೆ ನರೆತಿತ್ತು. ಹಣೆ, ಕೆನ್ನೆ ಎಲ್ಲ ಒಂದೇ ಬಣ್ಣ. ಅದಕ್ಕೇ ನನಗೆ ಗುರುತು ಹತ್ತಲಿಲ್ಲ. ಅವರು ಪರೀಕ್ಷೆಯ ಹೊತ್ತು ಬರೆಯಲು ಎದ್ದವರು ಮೊದಲು ಕರಿಹಲಗೆಯ ಬಲತುದಿಗೆ ಹೋಗಿ ನಿಂತರು. ಆಮೇಲೆ ಎಡಕ್ಕೆ ನಡೆದು, ದುಂಡಗಿನ ಅಕ್ಷರದಲ್ಲಿ ತಡವರಿಸದೆ ಬರೆದರು. ನನ್ನ ಕೈಯಲ್ಲಿನ ಶಾಯಿಯ ಲೆಕ್ಕಣಿಕೆ ಜಾರಿ ಬಿತ್ತು.

ಹೊರಗೆ ಬೇವಿನ ಮರದ ಕೆಳಗೆ ಅವರ ಕಾಲು ಮುಟ್ಟಿದೆ. ಯಾರ ಮಗಳು ಎಂದು ಹೇಳಬೇಕಾಗಲಿಲ್ಲ.

"ಮುತ್ಯಾ ಹ್ಯಾಂಗ ಹಾನವ್ವಾ?" ಎಂದರು.

ಆರು ವರ್ಷದಿಂದ ಒಳಗೆ ಕೂತದ್ದು ಒಮ್ಮೆಗೇ ಬಂತು. "ಮಾಸ್ತರ್, ಅವತ್ತ ನಾ ಎಲ್ಲೂ ಆಡ್ಲಿಕ್ಕ ಹೋಗಿದ್ದಿಲ್ರಿ. ಕಣಿಕಿ ಬಣವಿ ಹಿಂದ ಅಡಗಿದ್ದೆ."

"ಗೊತ್ತದ ಬಿಡು" ಎಂದರು. "ನಿನ್ನ ಕಾಲು ಹೊರಗ ಕಾಣಸ್ತಿದ್ದವು."

"ಮತ್ತ ಯಾಕ ಕರೀಲಿಲ್ರಿ? ಸಾಲ್ಯಾಗ ಯಾಕ ಎಬ್ಬಸಲಿಲ್ಲ? ನಿಮ್ಮ ನೌಕ್ರಿ ಉಳೀತಿತ್ತಲ್ಲ?"

"ಗದ್ದಲದಾಗ ಅಡಗಿದವರಿಗಿ ಹೊರಗ ಎಳದದ್ದು ಕಣ್ಣಾರೆ ನೋಡೀನಿ ಯವ್ವಾ. ಈ ಕಡ್ಯಾವ್ರೂ ಎಳದರು, ಆ ಕಡ್ಯಾವ್ರೂ ಎಳದರು. ನೌಕ್ರಿ ಹೋದ್ರ ತಿರುಗಿ ಬರ್ತದ, ಬಂತೂ. ಅಡಗಿದ ಕೂಸಿಗಿ ನಾನೂ ಕೈ ಹಿಡದು ಎಳದಿದ್ರ ನಿನಗ ಇವತ್ತ ನನ್ನ ಮುಂದ ನಿಂದ್ರಲಿಕ್ಕ ಆಗ್ತಿತ್ತೇನು?"

ಅದಾದ ಮೇಲೆ ನಾನು ಅವರನ್ನು ನೋಡಲಿಲ್ಲ. ನಾನೂ ಮಾಸ್ತರಿಕೆಯ ತರಬೇತಿಯಲ್ಲಿದ್ದ ವರ್ಷ, ಅವರು ಚಿಂಚೋಳಿ ಕಡೆಯ ಚಂದ್ರಂಪಳ್ಳಿಯ ಹತ್ತಿರದ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿರುವಾಗಲೇ ಎದೆನೋವು ಬಂದು ತೀರಿಹೋದರೆಂದು ತಿಳಿಯಿತು. ಒಂದನೇ ಜಮಾತನ್ನೇ ಕೊನೆಯ ತನಕ ಬೇಡಿ ಪಡೆದುಕೊಂಡಿದ್ದರಂತೆ. ನಾನೂ ಅದನ್ನೇ ಬೇಡಿದೆ.

ನನ್ನ ಎರಡನೆಯ ವರ್ಷದ ನೌಕರಿಯಲ್ಲಿ ವಾಡಿಯ ಹತ್ತಿರದ ಶಾಲೆಗೆ ತಪಾಸಣೆ ಬಂತು. ಆ ಸಾಹೇಬರಿಗೆ ಸಿಟ್ಟು ಮೂಗಿನ ತುದಿಯಲ್ಲಿ. ನಾನು ಅವರಿಗೆ ಅಂಜುತ್ತಿದ್ದೆ, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅವರು ಕೋಲು ತೋರಿಸಿ, ಗೋಡೆಗೆ ಅಂಟಿ ಕೂತಿದ್ದ ಒಬ್ಬ ಹುಡುಗಿಗೆ ಓದು ಎಂದರು. ಅವಳಿಗೆ ಆ ಪಾಠ ಬರುತ್ತಿತ್ತು, ನಾನೇ ಕಲಿಸಿದ್ದೆ. ಅವಳ ಕೈ ಲಂಗವನ್ನು ಹಿಂಡತೊಡಗಿತು. ಓದು ಎಂದು ನಾನು ಗದರಿದ್ದರೆ ಒಂದು ಸಾಲಾದರೂ ಹೊರಗೆ ಬರುತ್ತಿತ್ತೇನೋ. ನಾನು ಅವಳ ಮುಂದೆ ಹೋಗಿ ನಿಂತು, "ಆ ಪಾಠ ನಾ ಇನ್ನಾ ಕಲಿಸಿಲ್ರಿ ಸಾಹೇಬ್ರ, ತಪ್ಪು ನಂದು" ಎಂದೆ. ಅವರು ಏನೋ ಬರೆದುಕೊಂಡರು. ನನ್ನ ಖಾಯಂ ಹುಕುಂ ಎರಡು ವರ್ಷ ತಡವಾಯಿತು.

ಹುಡುಗಿ ಮರುದಿನ ಶಾಲೆಗೆ ಬಂದಳು.